ಕಸದಲ್ಲಿ ಕಸವರ

ಹಳಗನ್ನಡದಲ್ಲಿ ಬಂಗಾರಕ್ಕೆ ‘ಕಸವರ’ ಎಂಬ ಹೆಸರುಂಟು. ಗುಡಿಸಿ ಹೊರಚೆಲ್ಲುವ ಕಸಕ್ಕೂ ಪೆಟ್ಟಿಗೆಯಲ್ಲಿಟ್ಟು ಕಾಯುವ ಕಸವರಕ್ಕೂ ಶಬ್ದಶಾಸ್ತ್ರದಲ್ಲಿ ನಂಟಿರಲಿ, ಇಲ್ಲದಿರಲಿ, ಲೋಕವ್ಯವಹಾರದಲ್ಲಿ ಅವೆರಡೂ ಒಂದೇ ಬುಟ್ಟಿಯಲ್ಲಿ ಕೂಡಿರುವುದುಂಟು. ಮುಸುರೆ ತಿಕ್ಕಿ, ಮೇಜು ಒರೆಸಿ, ಹಳೆಯ ಕಾಗದಗಳ ರಾಶಿಯನ್ನು ತಿರುವಿಹಾಕಿ ಬದುಕುವ ನಮ್ಮವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯಗಳ ಕಡಲತೀರಗಳಲ್ಲಿ ‘ಮೆಟಲ್ ಡಿಟೆಕ್ಟರ್’ ಎಂಬ ಲೋಹಶೋಧಕ ಯಂತ್ರವನ್ನು ಹಿಡಿದು ಮರಳನ್ನು ಶೋಧಿಸುವ ಹವ್ಯಾಸಿಗಳನ್ನು ಕಾಣಬಹುದು. ಕೋಲಿನ ತುದಿಯಲ್ಲಿರುವ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರವುಂಟಾಗುತ್ತದೆ. ಮರಳಿನಡಿ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್‌ಸುಳಿಗಳು ಹುಟ್ಟುತ್ತವೆ. ಅದನ್ನು ಅರಿತು ಯಂತ್ರವು ದನಿಗೈಯುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ಬಿದ್ದಾಗ, ದೇಹದೊಳಗಿನ ಗುಂಡನ್ನು ಪತ್ತೆಹಚ್ಚಲು ಟೆಲಿಫೋನಿನ ಗ್ರಹಾಂ ಬೆಲ್ಲರು ಇದೇ ತತ್ತ್ವದ ಉಪಕರಣವನ್ನು ಪ್ರಯೋಗಿಸಿದರು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಅಡ್ಡಬಂದು ಯತ್ನವು ಕೈಗೂಡಲಿಲ್ಲ.

ಯಂತ್ರದ ತೊಡಕು ಇಂದಿಗೂ ಅಂಥದೇ. ತೆಳುವಾದ ಚಿನ್ನದುಂಗುರವೂ ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯುಮಿನಿಯಂ ಬಳೆಯೂ ಹೆಚ್ಚುಕಡಿಮೆ ಒಂದೇ ದನಿಯನ್ನು ಹೊರಡಿಸುತ್ತವೆ. ಕಸದ ದನಿಯನ್ನು ಕೇಳಿಸದಂತೆ ಯಂತ್ರವನ್ನು ತಿರುಗಿಸಿಡಬಹುದು. ಆಗ ಉಂಗುರದ ದನಿಯೂ ಅದರೊಡನೆ ಅಡಗಿಹೋಗುತ್ತದೆ. ಆದುದರಿಂದ ಪಳಗಿದ ಶೋಧಕನು ಕಸವನ್ನೆಲ್ಲ ಅಗೆದು ತೆಗೆಯುತ್ತಾನೆ. ಕಸವನ್ನು ಮುಟ್ಟಲೊಲ್ಲದವನಿಗೆ ಕಸವರವೂ ಇಲ್ಲ.

ನಮ್ಮ ಜಲಗಾರರು

ಯಂತ್ರ ಹೊಸದಾದರೂ ಕಸುಬು ಹಳೆಯದು. ಮುಂಬಯಿಯ ಝವೇರಿ ಬಜಾರದಲ್ಲಿ ಅಕ್ಕಸಾಲಿಗರ ಅಂಗಡಿಗಳ ಧೂಳನ್ನೂ ಗಟಾರದ ಕೆಸರನ್ನೂ ಒಟ್ಟುಮಾಡಿ ಚಿನ್ನದ ಕಣಗಳನ್ನು ಬೇರ್ಪಡಿಸುವವರನ್ನು ನ್ಯಾರಿಯಾ ಎನ್ನುತ್ತಾರೆ. ಕನ್ನಡದಲ್ಲಿ ಇವರಿಗೆ ಸಮಾನವಾದ ಮಾತು ‘ಜಲಗಾರ’. ಗದಗ ಪ್ರಾಂತದ ಕಪ್ಪತಗುಡ್ಡದ ಸುತ್ತಣ ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಮರಳನ್ನು ತೊಳೆದು ಚಿನ್ನ ತೆಗೆಯುತ್ತಿದ್ದ ಜಲಗಾರರ ವಿಷಯ 19ನೆಯ ಶತಮಾನದ ಸರಕಾರಿ ಬರೆಹಗಳಲ್ಲಿಯೂ ಬಂದಿದೆ. ಕಸ ಗುಡಿಸುವವನಿಗೂ ಚಿನ್ನ ತೊಳೆಯುವವನಿಗೂ ಕನ್ನಡವು ಈ ಒಂದೇ ಹೆಸರನ್ನಿಟ್ಟುದು ವಿಚಾರಾರ್ಹವಾಗಿದೆ.

ಕಸುಬಿನ ಮರ್ಮವನ್ನು ಅಡುಗೆ ಭಟ್ಟರು ಬಲ್ಲರು. ಅಕ್ಕಿಯನ್ನು ನೀರಿನಲ್ಲಿ ಜಾಲಿಸಿದಾಗ ಕಲ್ಲು ತಳಕ್ಕೆ ನಿಲ್ಲುವಂತೆ, ಮರಳಿಗಿಂತ ಸುಮಾರು ಏಳುಪಟ್ಟು ಭಾರವಾದ ಚಿನ್ನವು ಮರಿಗೆಯ ತಳದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಕೆಲಸ ಅಪಾಯದ್ದು. ಕಣಗಳನ್ನು ಪಾದರಸದಲ್ಲಿ ಕೂಡಿಸಿ ಕಾಯಿಸುವಾಗ ಏಳುವ ಹೊಗೆಯು ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ.

ಕಡಲಿಲ್ಲದ ಸಿಲ್ಲೋಡು

ಛತ್ರಪತಿ ಸಂಭಾಜಿನಗರದಿಂದ ಅಜಂತೆಗೆ ಹೋಗುವ ಹೆದ್ದಾರಿಯಲ್ಲಿರುವ ಸಿಲ್ಲೋಡಿಗೆ ಸಮುದ್ರವು ಸುಮಾರು 300 ಕಿಲೋಮೀಟರು ದೂರ. ಇಲ್ಲಿ ಅಲೆಯಿಲ್ಲ, ಮರಳದಂಡೆಯಿಲ್ಲ, ಆದರೆ ಹಾಳುದಿಬ್ಬಗಳಿವೆ. ಹೊಲದ ಕರಿಮಣ್ಣಿಗೆ ವ್ಯತಿರಿಕ್ತವಾಗಿ, ಹಿಂದೆ ಜನ ನೆಲಸಿದ್ದ ಬೂದುಮಿಶ್ರಿತ ಮಣ್ಣಿನ ನೆಲೆಯನ್ನು ಮರಾಠಿ ರೈತರು ‘ಪಾಂಢರಿ’ ಎನ್ನುತ್ತಾರೆ. ಒಲೆಯ ಬೂದಿ, ಮಡಕೆಯ ಚೂರು, ಎಲುಬು, ಬಿದ್ದ ಗೋಡೆಗಳ ಮಣ್ಣು – ಶತಮಾನಗಳ ಸಂಸಾರದ ಕಸವೇ ಬೆಳೆದು ಅಂಥ ದಿಬ್ಬವಾಗುತ್ತದೆ.

ಸಿಲ್ಲೋಡಿನ ಪೂರ್ವಕ್ಕೆ, ಇಂದು ಜಾಲನಾ ಜಿಲ್ಲೆಗೆ ಸೇರಿದ ಭೋಕರದನವು ಪ್ರಾಚೀನ ಕಾಲದ ಭೋಗವರ್ಧನ. ಸಾಂಚಿ, ಭಾರಹೂತ ಸ್ತೂಪಗಳಿಗೆ ದಾನವಿತ್ತವರಲ್ಲಿ ಈ ಊರಿನವರೂ ಇದ್ದರೆಂದು ಅಲ್ಲಿಯ ಶಾಸನಗಳು ಹೇಳುತ್ತವೆ. 1973ರಲ್ಲಿ ನಾಗಪುರ ಮತ್ತು ಮರಾಠವಾಡಾ ವಿಶ್ವವಿದ್ಯಾಲಯಗಳವರು ಇಲ್ಲಿ ಉತ್ಖನನ ನಡೆಸಿದಾಗ ಆನೆದಂತದ ಸ್ತ್ರೀಮೂರ್ತಿಯೊಂದರ ಮುರುಕು ದೊರೆಯಿತು. ಅದಕ್ಕೆ ಬೆಲೆ ಬಂದುದು ದೂರದ ಇಟಲಿಯಿಂದ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇಯಿ ನಗರದಲ್ಲಿ 1938ರಲ್ಲಿ ಭಾರತೀಯ ದಂತದ ಮೂರ್ತಿಯೊಂದು ಸಿಕ್ಕಿತ್ತು. ಇಂದು ಅದು ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಭೋಕರದನದ ಮುರುಕು ಅದರ ಹೋಲಿಕೆಯದಾಗಿದ್ದುದರಿಂದ, ಆ ಮೂರ್ತಿಯು ದಖ್ಖನಿನಿಂದ ಹೋಗಿರಬೇಕೆಂಬ ವಾದಕ್ಕೆ ಬಲ ಬಂದಿತು.

ದಂತಕ್ಕೆ ಲೋಹಶೋಧಕ ಯಂತ್ರ ದನಿಗೊಡುವುದಿಲ್ಲ. ಚಿನ್ನಕ್ಕಾಗಿ ಯಂತ್ರ ಹಿಡಿದು ಬಂದವನು ಆ ದಿಬ್ಬದ ಮೇಲೆ ಅದನ್ನು ತುಳಿದುಕೊಂಡೇ ಹೋಗುತ್ತಿದ್ದನು. ಅಥವಾ ಹತ್ತಿರದ ತಾಮ್ರದ ಕಾಸಿಗಾಗಿ ಗುದ್ದಲಿಯಿಟ್ಟು ಪುಡಿಮಾಡುತ್ತಿದ್ದನು. ಯಾವ ಪದರದಲ್ಲಿ, ಯಾವ ಚೂರುಗಳ ನಡುವೆ ವಸ್ತುವು ಇದ್ದಿತೆಂಬುದನ್ನು ಬರೆದಿಟ್ಟರೆ ಮಾತ್ರ ಅದರ ಕಾಲ ತಿಳಿಯುತ್ತದೆ.

ಯಂತ್ರವಿಲ್ಲದೆ ಕಸವನ್ನು ಓದಬಲ್ಲವರೂ ಇದ್ದರು. ಮರಾಠವಾಡೆಯ ಇನ್ನೊಂದು ಹಳೆಯ ಪಟ್ಟಣವಾದ ತೇರದಲ್ಲಿ ರಾಮಲಿಂಗಪ್ಪ ಲಾಮತುರೆ ಎಂಬ ವ್ಯಾಪಾರಿಗಳು ದಿಬ್ಬಗಳಿಂದ ಹೊರಬಿದ್ದ ಮಣಿ, ನಾಣ್ಯ, ಮಣ್ಣಿನ ಗೊಂಬೆಗಳನ್ನು ವರ್ಷಾನುವರ್ಷ ಸಂಗ್ರಹಿಸಿದರು. ಆ ಸಂಗ್ರಹವು ಮುಂದೆ ಸರಕಾರಕ್ಕೆ ಸೇರಿತು. ಅವರ ಹೆಸರಿನ ವಸ್ತುಸಂಗ್ರಹಾಲಯವು ಇಂದು ಆ ಊರಿನಲ್ಲಿದೆ.

ಸಿಕ್ಕಿದ್ದು ಯಾರದು?

‘ಸಿಕ್ಕಿದವನಿಗೆ ಸಿಕ್ಕಿದ್ದು’ ಎಂಬ ಮಾತನ್ನು ಕಾಯಿದೆ ಒಪ್ಪುವುದಿಲ್ಲ. 1878ರ ನಿಕ್ಷೇಪ ಕಾಯಿದೆಯ ಮೇರೆಗೆ, ನೆಲದಲ್ಲಿ ಅಡಗಿದ್ದ ಹತ್ತು ರೂಪಾಯಿಗೆ ಮೀರಿದ ವಸ್ತು ಸಿಕ್ಕಿದರೆ ಕಲೆಕ್ಟರರಿಗೆ ಬರೆದು ತಿಳಿಸಬೇಕು. ಮುಚ್ಚಿಟ್ಟವನ ಪಾಲು ಸರಕಾರಕ್ಕೆ ಹೋಗುವುದಲ್ಲದೆ, ಒಂದು ವರ್ಷದವರೆಗೆ ಸೆರೆವಾಸವೂ ಒದಗಬಹುದು. ತಿಳಿಸಿದವನಿಗೆ ನಷ್ಟವಿಲ್ಲ: ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಕಂಡವನಿಗೆ ನಾಲ್ಕರಲ್ಲಿ ಮೂರು ಪಾಲು, ನೆಲದ ಒಡೆಯನಿಗೆ ಒಂದು ಪಾಲು. ಸರಕಾರವೇ ಇಟ್ಟುಕೊಳ್ಳಬಯಸಿದರೆ ಲೋಹದ ಬೆಲೆಗೆ ಐದನೆಯ ಒಂದಂಶ ಸೇರಿಸಿ ಕೊಡಬೇಕು. 

ಹೊಟೇಲಿನ ಮೇಜಿನಡಿಯಲ್ಲಿ, ಕೈತೊಳೆಯುವ ತೊಟ್ಟಿಯಲ್ಲಿ ಸಿಕ್ಕಿದ ಉಂಗುರ ನಿಕ್ಷೇಪವಲ್ಲ. ಅದಕ್ಕೆ ಜೀವಂತ ಒಡೆಯನಿದ್ದಾನೆ. 1872ರ ಕರಾರು ಕಾಯಿದೆಯ ಪ್ರಕಾರ ಅದನ್ನು ಎತ್ತಿಕೊಂಡವನು ಒತ್ತೆಯಾಳಲ್ಲ, ಒಡೆಯನೂ ಅಲ್ಲ. ಜೋಪಾನ ಮಾಡಬೇಕಾದ ಪಾಲಕನು. ಒಡೆಯನನ್ನು ಹುಡುಕಲು ತಕ್ಕ ಯತ್ನ ಮಾಡದೆ ಸ್ವಂತಕ್ಕೆ ಬಳಸಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿನಲ್ಲಿ ಅದು ಅಪರಾಧ. ಮಾಲಿಕನು ಬಹುಮಾನ ಸಾರಿದ್ದರೆ ಅದನ್ನು ಕೇಳುವ ಹಕ್ಕೂ ಸಿಕ್ಕಿದವನಿಗುಂಟು.

ಗಿರಾಕಿಯ ಒಡವೆ ಕಾಣೆಯಾದಾಗ ಮೊದಲ ಸಂಶಯ ಬೀಳುವುದು ಗಲ್ಲಾದ ಮೇಲೆ ಕುಳಿತವರ ಮೇಲಲ್ಲ, ಮೇಜು ಒರೆಸುವ ಹುಡುಗನ ಮೇಲೆ. ಆದುದರಿಂದ ವಸ್ತು ಸಿಕ್ಕಿದ ಕ್ಷಣದಲ್ಲಿಯೇ ಇನ್ನೊಬ್ಬರನ್ನು ಕರೆದು ತೋರಿಸಬೇಕು. ಗಲ್ಲಾದಲ್ಲಿ ಒಪ್ಪಿಸಿ, ತಾರೀಖು, ವೇಳೆ, ಸಿಕ್ಕಿದ ಸ್ಥಳಗಳನ್ನು ಪುಸ್ತಕದಲ್ಲಿ ಬರೆಯಿಸಿ, ಸಹಿ ಪಡೆಯಬೇಕು. ಇದರಿಂದ ಒಡೆಯನ ಒಡವೆಯೂ ಉಳಿಯುತ್ತದೆ, ಹುಡುಗನ ಹೊಟ್ಟೆಪಾಡೂ ಉಳಿಯುತ್ತದೆ. ಅಂಥ ಪುಸ್ತಕವಿಲ್ಲದ ಹೊಟೇಲಿನಲ್ಲಿ ಒಂದನ್ನು ಇಡುವಂತೆ ಮಾಲಿಕರನ್ನು ಕೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.