ಉರುಮೆಯ ಮೇಳದಲ್ಲಿ ವಾದಕರ ಪರಂಪರೆ

ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆ ಸೀಮೆಗಳ ಗ್ರಾಮದೇವತೆಯ ಉತ್ಸವಗಳಲ್ಲಿ ನುಡಿಯುವ ಉರುಮೆಯು ಎರಡು ಮುಖಗಳ ಚರ್ಮವಾದ್ಯ. ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿ, ಇನ್ನೊಂದನ್ನು ಬಡಿದು ನಾದ ಹೊರಡಿಸುವರು. ಹಿರಿಯನ ಕೈ ಸೋತಾಗ, ಪಕ್ಕದಲ್ಲಿ ನಿಂತು ಕಲಿತ ಕಿರಿಯನು ಅದನ್ನು ಹೆಗಲಿಗೇರಿಸುವನು. ವಾದಕನು ಬದಲಾದರೂ ಮೇಳವು ನಿಲ್ಲದು.

ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ವಾದ್ಯವೃಂದದಲ್ಲಿ 1963ರಿಂದ ಡ್ರಮ್ ನುಡಿಸಿದ ಚಾರ್ಲಿ ವಾಟ್ಸ್ 2021ರಲ್ಲಿ ಗತಿಸಿದುದೂ, ಸ್ಟೀವ್ ಜೋರ್ಡನ್ ಆ ಸ್ಥಾನಕ್ಕೆ ಬಂದುದೂ ದಾಖಲೆಯಾಗಿವೆ. ನಮ್ಮ ವಾದಕರ ಹೆಸರುಗಳಾದರೋ ಬಹುಮಟ್ಟಿಗೆ ಬರಹಕ್ಕೆ ಬಂದಿಲ್ಲ. ಅವರಲ್ಲಿ ಅನೇಕರು ದಲಿತರು. ಅವರ ವಾದನವನ್ನು ಊರು ಕಲೆಯೆಂದೆಣಿಸದೆ ಚಾಕರಿಯೆಂದೇ ಎಣಿಸಿತು. ಆದುದರಿಂದ ವಾದ್ಯವನ್ನು ಕೆಳಗಿಟ್ಟ ಮಕ್ಕಳನ್ನು ಹಳಿಯಲಾಗದು. ಯಾರಿಂದ ಯಾರು ಕಲಿತರು, ಯಾರು ಏಕೆ ಬಿಟ್ಟರು ಎಂಬೆರಡನ್ನೂ ಬರೆದಿಡುವುದು ಚರಿತ್ರೆಯ ವಿದ್ಯಾರ್ಥಿಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.