ಕರುಳಿಗೆ ರಕ್ತ ನಿಂತಾಗ: ಆಪರೇಷನ್‌ನ ಫಲ ಅಂದಾಜಿಸುವ ಬಗೆ

ಸಣ್ಣ ಕರುಳಿನ ಬಹುಭಾಗಕ್ಕೆ ಮತ್ತು ದೊಡ್ಡ ಕರುಳಿನ ಮೊದಲರ್ಧಕ್ಕೆ ರಕ್ತ ಒದಗಿಸುವುದು ಸುಪೀರಿಯರ್ ಮೆಸೆಂಟೆರಿಕ್ ಎಂಬ ಒಂದೇ ಅಪಧಮನಿ. ಅದು ಹಠಾತ್ತನೆ ಕಟ್ಟಿಕೊಂಡರೆ ಕರುಳಿನ ಒಳಪದರ ಬೇಗನೆ ಹಾಳಾಗತೊಡಗುತ್ತದೆ. ಆರು ಗಂಟೆ ದಾಟುವಷ್ಟರಲ್ಲಿ ಇಡೀ ಗೋಡೆಯೇ ಸತ್ತುಹೋಗಬಹುದು. ಈ ಕಾಯಿಲೆಗೆ ತುತ್ತಾದವರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿ ಸಾಯುತ್ತಾರೆಂದು ಹಲವು ವರದಿಗಳು ಹೇಳುತ್ತವೆ. ಹಾಗಾಗಿ ಆಪರೇಷನ್‌ಗೆ ಮುನ್ನ ಮನೆಯವರು ಕೇಳುವ 'ಉಳಿಯುತ್ತಾರಾ?' ಎಂಬ ಪ್ರಶ್ನೆಗೆ ವೈದ್ಯರ ಬಳಿ ಆದಷ್ಟು ಪ್ರಾಮಾಣಿಕ ಉತ್ತರ ಇರಲೇಬೇಕು.

ಆ ಉತ್ತರ ಮೊದಲಿಗೆ ನಿಂತಿರುವುದು ಕಳೆದುಹೋದ ಸಮಯದ ಮೇಲೆ. ಆರಂಭದಲ್ಲಿ ರೋಗಿಗೆ ಅಸಾಧ್ಯ ನೋವಿದ್ದರೂ ಹೊಟ್ಟೆ ಮುಟ್ಟಿದರೆ ಮೆತ್ತಗೇ ಇರುತ್ತದೆ. ಇದನ್ನು ಗ್ಯಾಸ್ ಎಂದುಕೊಂಡು ಮಾತ್ರೆ ನುಂಗಿ ಮಲಗುವವರಿದ್ದಾರೆ. ಹೊಟ್ಟೆ ಬಿಗಿಯಾಗುವ ಹೊತ್ತಿಗೆ ಕರುಳು ಸತ್ತಿರುವ ಸಾಧ್ಯತೆಯೇ ಹೆಚ್ಚು. ಹೃದಯದ ಬಡಿತ ತಾಳ ತಪ್ಪಿದವರಲ್ಲಿ, ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರಲ್ಲಿ ಹೃದಯದಲ್ಲೇ ಹೆಪ್ಪುಗಟ್ಟಿದ ರಕ್ತದ ತುಣುಕು ಕರುಳಿನ ನಾಳಕ್ಕೆ ಬಂದು ಸಿಕ್ಕಿಕೊಳ್ಳುವುದುಂಟು. ಅಂಥವರಿಗೆ ದಿಢೀರ್ ಹೊಟ್ಟೆನೋವು ಬಂದರೆ ತಡಮಾಡದೆ ಸಿ.ಟಿ. ಆಂಜಿಯೋಗ್ರಾಂ ಮಾಡಿಸಬೇಕು.

ತಡೆ ಯಾವ ಬಗೆಯದು ಎಂಬುದೂ ಮುಖ್ಯ. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದವರು ಸಾಮಾನ್ಯವಾಗಿ ಇತರರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ವರ್ಷಗಳಿಂದ ಕೊಬ್ಬು ಕಟ್ಟಿ ಕಿರಿದಾಗಿದ್ದ ಅಪಧಮನಿ ಕೊನೆಗೆ ಪೂರ್ತಿ ಮುಚ್ಚಿಕೊಂಡವರ ಸ್ಥಿತಿ ಹೆಚ್ಚು ಕಠಿಣ. ಅವರ ಹೃದಯ, ಮೂತ್ರಪಿಂಡಗಳ ನಾಳಗಳೂ ಹೆಚ್ಚಾಗಿ ಕೆಟ್ಟಿರುತ್ತವೆ.

ಇಳಿವಯಸ್ಸು, ಏರಿದ ಕ್ರಿಯಾಟಿನಿನ್, ರಕ್ತದೊತ್ತಡದ ಕುಸಿತ, ಆಮ್ಲೀಯವಾದ ರಕ್ತ, ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಲ್ಯಾಕ್ಟೇಟ್ ಏರಿದ್ದರೆ ಆತಂಕಪಡಬೇಕು, ನಿಜ. ಆದರೆ ಅದು ಆರಂಭದಲ್ಲಿ ಸಹಜವಾಗಿಯೂ ಇರಬಲ್ಲದು. ಆ ಒಂದು ಅಂಕಿಯನ್ನು ನಂಬಿ ರೋಗಿಯನ್ನು ಮನೆಗೆ ಕಳಿಸಿದರೆ ಜೀವಕ್ಕೇ ಕುತ್ತು. ಅಪಾಚೆ-2, ಪೋಸಮ್‌ನಂಥ ಅಂಕಪಟ್ಟಿಗಳು ಇಂಥ ಸೂಚಕಗಳನ್ನು ಕೂಡಿಸಿ ಅಪಾಯದ ಪ್ರಮಾಣ ಹೇಳುತ್ತವೆ. ಆದರೆ ಅದು ಅಂಥ ನೂರು ರೋಗಿಗಳ ಗುಂಪಿಗೆ ಹೊಂದುವ ಲೆಕ್ಕ. ಹಾಸಿಗೆಯ ಮೇಲಿರುವ ಈ ಒಬ್ಬರು ಯಾವ ಕಡೆ ಸೇರುತ್ತಾರೆಂದು ಅದು ಹೇಳಲಾರದು.

ಹೊಟ್ಟೆ ತೆರೆದ ಮೇಲೆ ಚಿತ್ರ ಸ್ಪಷ್ಟವಾಗುತ್ತದೆ. ಮೊದಲು ರಕ್ತದ ಹರಿವನ್ನು ಮರಳಿಸಿ, ಬಳಿಕ ಸತ್ತ ಭಾಗವನ್ನಷ್ಟೇ ತೆಗೆಯುತ್ತಾರೆ. ಬಣ್ಣ, ಚಲನೆ, ನಾಡಿ ನೋಡಿಯೂ ಕೆಲವು ಭಾಗ ಬದುಕುತ್ತದೋ ಇಲ್ಲವೋ ತಿಳಿಯುವುದಿಲ್ಲ. ಅದಕ್ಕೇ 24ರಿಂದ 48 ಗಂಟೆಗಳೊಳಗೆ ಮತ್ತೊಮ್ಮೆ ತೆರೆದು ನೋಡುವ ಪದ್ಧತಿಯಿದೆ. ಉಳಿದ ಸಣ್ಣ ಕರುಳು 200 ಸೆಂ.ಮೀ.ಗಿಂತ ಕಡಿಮೆಯಾದರೆ ಊಟದ ಸತ್ವ ಸಾಕಷ್ಟು ಮೈಗೆ ಹತ್ತುವುದು ಕಷ್ಟ. ಇನ್ನೂ ಕಡಿಮೆಯಾದವರಿಗೆ ವರ್ಷಗಟ್ಟಲೆ ರಕ್ತನಾಳದ ಮೂಲಕವೇ ಪೋಷಣೆ ಬೇಕಾಗಬಹುದು. ಜೀವ ಉಳಿಯುವುದರ ಜೊತೆಗೆ ಮುಂದಿನ ಬದುಕು ಹೇಗಿರುತ್ತದೆ ಎಂಬುದನ್ನೂ ಕುಟುಂಬಕ್ಕೆ ಮೊದಲೇ ತಿಳಿಸಬೇಕಾಗುತ್ತದೆ. ಇಡೀ ಕರುಳೇ ಕಪ್ಪಾಗಿರುವ ವೃದ್ಧ ರೋಗಿಗಳಲ್ಲಿ ಏನನ್ನೂ ಕತ್ತರಿಸದೆ ಹೊಟ್ಟೆ ಮುಚ್ಚಿ, ನೋವು ಶಮನಕ್ಕೆ ಮಾತ್ರ ಚಿಕಿತ್ಸೆ ಕೊಡುವ ತೀರ್ಮಾನವೂ ಆಗುವುದುಂಟು.