ಯಂತ್ರಕ್ಕೆ ರೇಖೆಯನ್ನು ತೋರಿಸುವ ವಿದ್ಯೆ

ಅಮರ್ಜಾ ನದಿಯು ಭೀಮೆಯನ್ನು ಕೂಡುವ ಗಾಣಗಾಪುರದ ಸಂಗಮದಿಂದ ಹೊಳೆಯ ಹರಿವನ್ನನುಸರಿಸಿ ಕೆಳಗೆ ಸಾಗಿದರೆ, ಜೇವರ್ಗಿಯ ಸೀಮೆಯನ್ನು ಹಿಂದಿಕ್ಕಿದ ಮೇಲೆ, ಚಿತ್ತಾಪುರ ತಾಲ್ಲೂಕಿನ ಸನ್ನತಿಯೂ ಅದರ ನೆರೆಯ ಕನಗನಹಳ್ಳಿಯೂ ಎದುರಾಗುತ್ತವೆ. ಅಶೋಕ ಚಕ್ರವರ್ತಿಯ ರೂಪದೊಡನೆ ಅವನ ಹೆಸರನ್ನೂ ಬ್ರಾಹ್ಮೀ ಲಿಪಿಯಲ್ಲಿ ಹೊತ್ತ ಉಬ್ಬುಶಿಲ್ಪವು ದೊರೆತುದು ಈ ಕನಗನಹಳ್ಳಿಯ ಬೌದ್ಧಸ್ತೂಪದ ಅವಶೇಷಗಳಲ್ಲಿಯೇ. ಸುಣ್ಣಕಲ್ಲಿನ ಸಮತಲವಾದ ಹಾಸಿನಿಂದ ರೂಪವೊಂದನ್ನು ಮೇಲೆತ್ತಬೇಕಾದ ಶಿಲ್ಪಿಯು ಉಳಿಯನ್ನು ಹಚ್ಚುವುದಕ್ಕೆ ಮೊದಲೇ ನಿರ್ಣಯಿಸಬೇಕಾದುದು ಒಂದುಂಟು: ಯಾವ ರೇಖೆಯ ಒಳಗಿನ ಕಲ್ಲು ಉಳಿಯಬೇಕು, ಯಾವುದರ ಹೊರಗಿನದು ಅಳಿಯಬೇಕು. ಎರಡು ಸಾವಿರ ವರ್ಷಗಳ ತರುವಾಯ, ಅದೇ ಜಿಲ್ಲೆಯ ಕೇಂದ್ರವಾದ ಕಲಬುರಗಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಆಳಂದದಿಂದಲೋ ಅಫಜಲಪುರದಿಂದಲೋ ಬಂದ ವಿದ್ಯಾರ್ಥಿಯು ಕಂಪ್ಯೂಟರಿನ ಪರದೆಯ ಮುಂದೆ ಕುಳಿತು ಮಾಡಬೇಕಾದ ಮೊದಲ ನಿರ್ಣಯವೂ ಅದೇ ಆಗಿದೆ. ಕಲ್ಲಿನ ಸ್ಥಾನಕ್ಕೆ ಉಕ್ಕು ಬಂದಿದೆ, ಉಳಿಯ ಸ್ಥಾನಕ್ಕೆ ತಿರುಗುವ ಕಟರ್ ಬಂದಿದೆ. ನಿರ್ಣಯದ ಭಾರವು ಮಾತ್ರ ಮನುಷ್ಯನ ಮೇಲೆಯೇ ನಿಂತಿದೆ.

ತೊಗರಿಯ ನಾಡಾದ ಕಲಬುರಗಿಯಲ್ಲಿ ಬೇಳೆ ಮಿಲ್ಲುಗಳಿಗೆ ಕೊರತೆಯಿಲ್ಲವಾದುದರಿಂದ, ಅಂಥ ಮಿಲ್ಲೊಂದರ ಬೇರಿಂಗಿಗೆ ಮುಚ್ಚಳವನ್ನು ಮಾಡಬೇಕಾಗಿದೆಯೆಂದು ಭಾವಿಸೋಣ. ದುಂಡನೆಯ ಹೊರ ಅಂಚು, ನಡುವೆ ಶಾಫ್ಟ್ ತೂರುವ ರಂಧ್ರ, ಬೋಲ್ಟುಗಳಿಗೆ ನಾಲ್ಕು ತೂತು, ಒಳಮೈಯಲ್ಲಿ ಪಾಕೆಟ್ ಎಂದು ಕರೆಯುವ ತಗ್ಗು, ಆ ತಗ್ಗಿನ ನಡುವೆ ರಂಧ್ರವನ್ನು ಸುತ್ತುವರಿದ ಉಬ್ಬು: ಇಷ್ಟೇ ಅದರ ಸ್ವರೂಪ. ಪರದೆಯ ಮೇಲೆ ಇವೆಲ್ಲವೂ ವೃತ್ತಗಳಾಗಿಯೇ ತೋರುತ್ತವೆ. ಪ್ರತಿಯೊಂದು ವೃತ್ತದ ವ್ಯಾಸವನ್ನೂ ಕೇಂದ್ರವನ್ನೂ ಬಲ್ಲ ಕಂಪ್ಯೂಟರಿಗೆ, ಯಾವ ವೃತ್ತವು ಕೊರೆಯತಕ್ಕದ್ದು, ಯಾವುದು ಉಳಿಸತಕ್ಕದ್ದು ಎಂಬ ಅಭಿಪ್ರಾಯವು ತಾನಾಗಿ ತಿಳಿಯದು. ತಗ್ಗಿನ ಹೊರ ಗಡಿಯನ್ನು ಮಾತ್ರ ಆರಿಸಿ ಒಳಗಿನ ಉಬ್ಬಿನ ಗಡಿಯನ್ನು ಆರಿಸಲು ಮರೆತರೆ, ಕಟರ್ ಆ ಉಬ್ಬನ್ನೂ ಲೋಹದ ಚೂರಾಗಿಸಿ ತಗ್ಗನ್ನು ಪೂರ್ತಿಗೊಳಿಸುತ್ತದೆ. ಲೆಕ್ಕದಲ್ಲಿ ದೋಷವಿಲ್ಲ, ಜಾಬು, ಎಂದರೆ ಕೊರೆಯಲು ಹಿಡಿದ ಲೋಹದ ತುಂಡು, ಮಾತ್ರ ಗುಜರಿಗೆ ಸಲ್ಲುತ್ತದೆ. ಟೂಲ್‌ಪಾತ್, ಎಂದರೆ ಕಟರ್ ಸಂಚರಿಸಬೇಕಾದ ಪಥವು, ಸರಿಯಾಗುವುದೂ ಕೆಡುವುದೂ ಬಹುಮಟ್ಟಿಗೆ ಈ ಆಯ್ಕೆಯ ಕ್ಷಣದಲ್ಲಿಯೇ.

ಇಂಥ ಆಯ್ಕೆಯು ಒಂದು ಪ್ರತ್ಯೇಕ ವಿದ್ಯೆಯಾಗಿ ರೂಪುಗೊಂಡ ಕಥೆಯು ಹೆಲಿಕಾಪ್ಟರಿನ ರೆಕ್ಕೆಗಳಿಂದ ಪ್ರಾರಂಭವಾಗುತ್ತದೆ. ಅಮೆರಿಕದ ಮಿಶಿಗನ್ ಸಂಸ್ಥಾನದ ಟ್ರಾವರ್ಸ್ ಸಿಟಿಯಲ್ಲಿ ಕಾರ್ಖಾನೆಯನ್ನು ನಡೆಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬಾತನು ಈ ರೆಕ್ಕೆಗಳ ವಕ್ರರೇಖೆಗೆ ಅಚ್ಚುಹಲಗೆಗಳನ್ನು ಮಾಡಬೇಕಾಗಿತ್ತು. ನಕ್ಷೆಯಲ್ಲಿ ಕೊಟ್ಟಿದ್ದ 17 ಬಿಂದುಗಳನ್ನು ಕೈಯಿಂದ ಕೂಡಿಸಿದರೆ ವಕ್ರತೆಯು ನಯವಾಗಿ ಬಾರದೆಂದು ಕಂಡ ಪಾರ್ಸನ್ಸನೂ ಅವನ ಇಂಜಿನಿಯರನಾದ ಫ್ರಾಂಕ್ ಸ್ಟುಲೆನ್ನನೂ, ರಂಧ್ರಪತ್ರಗಳಿಂದ ಲೆಕ್ಕಮಾಡುವ ಐಬಿಎಂ ಯಂತ್ರಗಳ ನೆರವಿನಿಂದ 200 ಬಿಂದುಗಳನ್ನು ಗಣಿಸಿದರು. ಒಬ್ಬನು ಅಂಕಿಗಳನ್ನು ಓದಿ ಹೇಳುತ್ತಿರಲು, ಮತ್ತಿಬ್ಬರು ಯಂತ್ರದ ಎರಡು ಕೈಚಕ್ರಗಳನ್ನು ತಿರುಗಿಸಿ ಕಟರನ್ನು ಬಿಂದುವಿನಿಂದ ಬಿಂದುವಿಗೆ ಒಯ್ಯುತ್ತಿದ್ದರು. ಮನುಷ್ಯರ ಈ ಪಠಣವನ್ನೇ ಯಂತ್ರಕ್ಕೆ ಒಪ್ಪಿಸಬಾರದೇಕೆ ಎಂಬ ಆಲೋಚನೆಯಿಂದ, 1949ರಲ್ಲಿ ಅಮೆರಿಕದ ವಾಯುಸೇನೆಯ ಹಣಸಹಾಯ ದೊರೆತು, ಮ್ಯಾಸಚೂಸೆಟ್ಸಿನ ಎಂ.ಐ.ಟಿ. ಸಂಸ್ಥೆಯ ಪ್ರಯೋಗಾಲಯವು 1952ರಲ್ಲಿ ಅಂಕಿಗಳ ಅಪ್ಪಣೆಗೆ ನಡೆಯುವ ಮೊದಲ ಮಿಲ್ಲಿಂಗ್ ಯಂತ್ರವನ್ನು ಲೋಕಕ್ಕೆ ತೋರಿಸಿತು.

ಯಂತ್ರವೇನೋ ಸಿದ್ಧವಾಯಿತು, ಅದಕ್ಕೆ ಬೇಕಾದ ಸಹಸ್ರಾರು ಅಂಕಿಗಳನ್ನು ಗಣಿಸುವ ಶ್ರಮವು ಮಾತ್ರ ಮನುಷ್ಯರಿಗೆ ಹೊರೆಯಾಯಿತು. ಡಗ್ಲಾಸ್ ರಾಸ್ ಎಂಬ ವಿದ್ವಾಂಸನ ನೇತೃತ್ವದಲ್ಲಿ ಎಂ.ಐ.ಟಿ.ಯು ವಿಮಾನ ಕಾರ್ಖಾನೆಗಳೊಡಗೂಡಿ ನಿರ್ಮಿಸಿ 1959ರಲ್ಲಿ ಪತ್ರಕರ್ತರ ಮುಂದೆ ಪ್ರಕಟಪಡಿಸಿದ ‘ಎಪಿಟಿ’ ಎಂಬ ಭಾಷೆಯು ಈ ಹೊರೆಯನ್ನು ಇಳಿಸಿತು. ಇದರಲ್ಲಿ ಬಿಂದು, ರೇಖೆ, ವೃತ್ತಗಳಿಗೆ ಹೆಸರುಗಳನ್ನಿಟ್ಟು, ಈ ರೇಖೆಯ ಬದಿಯಲ್ಲಿ ಹೋಗು, ಎಡಕ್ಕೆ ತಿರುಗು, ಆ ವೃತ್ತದವರೆಗೆ ಸಾಗು ಎಂದು ಸಂಕ್ಷಿಪ್ತ ಪದಗಳಲ್ಲಿ ಬರೆಯಬಹುದಾಗಿತ್ತು. ಇದಕ್ಕಿಂತಲೂ ಮಹತ್ತ್ವದ ಸಂಗತಿಯೆಂದರೆ, ಕಟರಿನ ಪ್ರತಿಯೊಂದು ನಡೆಗೂ ಮೂರು ಮೈಗಳನ್ನು ಸೂಚಿಸಬೇಕೆಂಬ ನಿಯಮ: ಕಟರಿನ ತಳವು ತಾಗಿಕೊಂಡಿರಬೇಕಾದ ಮೈ ಒಂದು, ಪಕ್ಕವು ಸವರಿಕೊಂಡು ಹೋಗಬೇಕಾದ ಮೈ ಇನ್ನೊಂದು, ಎದುರಾದೊಡನೆ ನಿಲ್ಲಬೇಕಾದ ಮೈ ಮತ್ತೊಂದು. ಇಂದಿನ ಸಾಫ್ಟ್‌ವೇರಿನಲ್ಲಿ ‘ಇಲ್ಲಿ ಕತ್ತರಿಸು, ಅಲ್ಲಿ ಮುಟ್ಟಬೇಡ’ ಎಂದು ಮುಖಗಳನ್ನು ಬೇರೆಬೇರೆಯಾಗಿ ಆರಿಸುವ ವಿಧಾನವು ಈ ತ್ರಿವಿಧ ವಿವೇಕದ ಸಂತಾನವೇ ಆಗಿದೆ.

ಹೆಸರಿಟ್ಟು ಕರೆಯುತ್ತಿದ್ದ ರೇಖೆಯನ್ನು ಕಣ್ಣಿಂದ ಕಂಡು ಕೈಯಿಂದ ತೋರಿಸುವ ಸೌಕರ್ಯವು ಉಂಟಾದುದು 1963ರಲ್ಲಿ, ಐವಾನ್ ಸದರ್ಲೆಂಡನು ಅದೇ ಎಂ.ಐ.ಟಿ.ಯಲ್ಲಿ ತನ್ನ ಪ್ರೌಢಪ್ರಬಂಧಕ್ಕಾಗಿ ರಚಿಸಿದ ‘ಸ್ಕೆಚ್‌ಪ್ಯಾಡ್’ನಿಂದ. ಬೆಳಕಿನ ಲೇಖನಿಯನ್ನು ಪರದೆಗೆ ಹಿಡಿದರೆ ಅದರ ಕೆಳಗಿನ ರೇಖೆಯನ್ನು ಕಂಪ್ಯೂಟರು ಗುರುತಿಸುತ್ತಿತ್ತು. ಈ ಸೌಕರ್ಯವು ಕಾಲಕ್ರಮದಲ್ಲಿ ಕಾರ್ಖಾನೆಗಳಿಗೂ ಬಂದಾಗ ಒಂದು ಹೊಸ ತೊಡಕು ಹುಟ್ಟಿತು. ತಂತಿಯ ಚೌಕಟ್ಟಿನಂತಿದ್ದ ಆ ನಕ್ಷೆಗಳಲ್ಲಿ ಪ್ರತಿಯೊಂದು ರೇಖೆಯೂ ಬಿಡಿ ತುಂಡಾಗಿಯೇ ಇತ್ತು. ಎರಡು ತುಂಡುಗಳ ತುದಿಗಳು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಅಗಲಿದ್ದರೆ, ಕಣ್ಣಿಗೆ ಕೂಡಿದಂತೆ ಕಂಡರೂ ಗಣಿತದ ಪಾಲಿಗೆ ಗಡಿಯು ಮುಚ್ಚಿರಲಿಲ್ಲ. ಒಂದರ ಮೇಲೊಂದು ಎರಡು ಬಾರಿ ಎಳೆದ ರೇಖೆಯೂ, ಮೂರು ರೇಖೆಗಳು ಸಂಧಿಸುವ ಕವಲೂ ಇದೇ ಬಗೆಯ ಭ್ರಮೆಗೆ ಕಾರಣವಾಗುತ್ತಿದ್ದವು. ಬಿಡಿ ರೇಖೆಗಳನ್ನು ಒಂದು ಸರಪಳಿಯಾಗಿ ಹೊಂದಿಸುವ ‘ಚೈನ್’ ಆಯ್ಕೆಯೂ, ಎಷ್ಟು ಅಂತರವನ್ನು ಕ್ಷಮಿಸಬೇಕೆಂದು ಮುಂಚಿತವಾಗಿ ಹೇಳುವ ಪದ್ಧತಿಯೂ ಈ ತೊಡಕಿಗೆ ಪರಿಹಾರವಾಗಿ ಬಂದವು.

ಘನರೂಪದ ಮಾದರಿಗಳು ಬಂದಮೇಲೆ ಈ ಕಷ್ಟವು ಬಹಳಮಟ್ಟಿಗೆ ನೀಗಿತು. 1970ರ ದಶಕದಲ್ಲಿ ಕೇಂಬ್ರಿಜ್ಜಿನ ಇಯಾನ್ ಬ್ರೇಡ್, ಸ್ಟ್ಯಾನ್‌ಫರ್ಡಿನ ಬ್ರೂಸ್ ಬಾಮ್‌ಗಾರ್ಟ್ ಮೊದಲಾದವರು ವಸ್ತುವನ್ನು ಅದರ ಮುಖ, ಅಂಚು, ಶೃಂಗಗಳ ಪರಸ್ಪರ ಸಂಬಂಧದಿಂದ ವರ್ಣಿಸುವ ಕ್ರಮವನ್ನು ಬೆಳೆಸಿದರು. ಇದರಲ್ಲಿ ಪ್ರತಿಯೊಂದು ಅಂಚಿಗೂ ತನ್ನ ಇಕ್ಕೆಲದ ಮುಖಗಳು ಯಾವುವು, ತನ್ನ ತುದಿಗೆ ಹತ್ತಿಕೊಂಡ ಅಂಚು ಯಾವುದು ಎಂಬ ಅರಿವು ಸಹಜವಾಗಿಯೇ ಉಂಟು. ಆದುದರಿಂದಲೇ ಇಂದು ಒಂದು ಅಂಚನ್ನು ಒತ್ತಿದರೆ ಸಾಫ್ಟ್‌ವೇರು ಅದರ ನೆರೆಯನ್ನು ಹಿಡಿದು ಇಡೀ ಸುತ್ತನ್ನು ತಾನೇ ಪೂರ್ತಿಮಾಡುತ್ತದೆ. ಒಂದು ತಳಮುಖವನ್ನು ಒತ್ತಿದರೆ ಪಾಕೆಟ್ಟಿನ ಗಡಿಯೂ ಒಳಗಿನ ಉಬ್ಬೂ ಕೂಡಿಯೇ ದೊರೆಯುತ್ತವೆ.

ಹಾಗಿದ್ದೂ ಯುಕ್ತಾಯುಕ್ತದ ವಿಚಾರವು ಮುಗಿಯುವುದಿಲ್ಲ. ಆರಿಸಿದ ಸರಪಳಿಗೆ ದಿಕ್ಕೆಂಬುದೊಂದಿದೆ. ಆ ದಿಕ್ಕಿನ ಎಡಕ್ಕೆ ಕಟರ್ ನಿಲ್ಲಬೇಕೋ ಬಲಕ್ಕೋ ಎಂಬುದನ್ನು ಯಂತ್ರದ ಭಾಷೆಯಲ್ಲಿ ಜಿ41, ಜಿ42 ಎಂಬ ಸಂಕೇತಗಳು ತಿಳಿಸುತ್ತವೆ. ಬಲಕ್ಕೆ ತಿರುಗುವ ಸಾಮಾನ್ಯ ಕಟರ್ ಎಡಬದಿಯಲ್ಲಿ ನಿಂತು ಸಾಗಿದರೆ, ಕಟರಿನ ಹಲ್ಲುಗಳು ಜಾಬು ಸಾಗುವ ದಿಕ್ಕಿನಲ್ಲಿಯೇ ಕತ್ತರಿಸುವ ಕ್ಲೈಂಬ್ ಮಿಲ್ಲಿಂಗ್ ಆಗುತ್ತದೆ. ಮೈ ನಯವಾಗಿ ಬರುತ್ತದೆ. ಆದರೆ ಸ್ಕ್ರೂ ಸವೆದು ಸಡಿಲಗೊಂಡ ಹಳೆಯ ಯಂತ್ರದಲ್ಲಿ ಇದೇ ಕ್ರಮವು ಜಾಬನ್ನು ಒಳಕ್ಕೆ ಸೆಳೆದುಕೊಂಡು ಅಪಾಯವನ್ನು ತರಬಲ್ಲುದು. ಒಳಮೂಲೆಯು 3 ಮಿಲಿಮೀಟರ್ ತ್ರಿಜ್ಯದ್ದಾಗಿದ್ದರೆ 10 ಮಿಲಿಮೀಟರ್ ವ್ಯಾಸದ ಕಟರಿಗೆ ಅಲ್ಲಿ ಪ್ರವೇಶವಿಲ್ಲ. ನಕ್ಷೆಗಾರನು ನಕ್ಷೆಯನ್ನು ತಿದ್ದಿದಾಗಲಂತೂ, ಸಾಫ್ಟ್‌ವೇರು ಅಂಚುಗಳಿಗೆ ಒಳಗೊಳಗೇ ಕೊಟ್ಟ ಗುರುತುಗಳು ಅದಲುಬದಲಾಗಿ ಹಿಂದಿನ ಆಯ್ಕೆಯು ಕಳೆದುಹೋಗುವುದೂ ಉಂಟು. ತೂತು, ತಗ್ಗುಗಳನ್ನು ತಾನೇ ಗುರುತಿಸುವ ಸಾಮರ್ಥ್ಯವು ಇಂದು ಸಾಫ್ಟ್‌ವೇರಿಗೆ ಬಂದಿದೆಯಾದರೂ, ಯಾವ ಮೈ ಬೇರಿಂಗಿಗೆ ಬಿಗಿಯಾಗಿ ಕೂಡಬೇಕು, ಯಾವುದು ಬರಿಯ ಗಾಳಿಗೆ ತೆರೆದಿರುತ್ತದೆ ಎಂಬುದನ್ನು ಹೇಳಬೇಕಾದವನು ಜಾಬಿನ ಉಪಯೋಗವನ್ನು ಬಲ್ಲವನೇ.

ಕನ್ನಡನಾಡಿಗೆ ಈ ವಿದ್ಯೆಯು ಬಂದು ನೆಲೆಸಿದುದು ಆಕಸ್ಮಿಕವಲ್ಲ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಯಂತ್ರೋಪಕರಣ ಕಾರ್ಖಾನೆ, 1962ರಲ್ಲಿ ಅಲ್ಲಿಯೇ ಹುಟ್ಟಿದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಪ್ರಾರಂಭವಾದ ಸರ್ಕಾರಿ ಉಪಕರಣಾಗಾರ: ಇವು ಹಾಕಿದ ಅಡಿಗಲ್ಲಿನ ಮೇಲೆ ಯಂತ್ರವಿದ್ಯೆಯ ಪರಂಪರೆಯೊಂದು ಬೆಳೆಯಿತು. ಉಪಕರಣಾಗಾರದ ಶಾಖೆಗಳು ಜಿಲ್ಲೆಗಳಿಗೂ ಹಬ್ಬಿದುದರಿಂದ, ಡೈ ಮತ್ತು ಮೋಲ್ಡುಗಳ ವಿದ್ಯೆಯನ್ನು ಕಲಿಯಲು ಭೀಮಾತೀರದ ಹುಡುಗನು ಬೆಂಗಳೂರಿನ ರೈಲನ್ನೇ ಹತ್ತಬೇಕೆಂಬ ನಿರ್ಬಂಧವು ಇಂದು ಇಲ್ಲ.

ಈ ಸೀಮೆಯಲ್ಲಿ ಕೆಲಸಕ್ಕೂ ಕೊರತೆಯಿಲ್ಲ. ವಾಡಿ, ಸೇಡಂ, ಮಳಖೇಡಗಳ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೂ, ಆಳಂದ, ಅಫಜಲಪುರಗಳ ಸಕ್ಕರೆ ಕಾರ್ಖಾನೆಗಳಿಗೂ, ಕಲಬುರಗಿಯ ಬೇಳೆ ಮಿಲ್ಲುಗಳಿಗೂ ಸವೆದ ಭಾಗಗಳ ಬದಲಿಗೆ ಹೊಸ ಭಾಗಗಳು ನಿರಂತರವಾಗಿ ಬೇಕಾಗುತ್ತವೆ. ಇವುಗಳನ್ನು ಇಲ್ಲಿಯೇ ಮಾಡಬಲ್ಲ ತರುಣರು ಸಿದ್ಧರಾಗಬೇಕಾದರೆ, ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನು ಕಲಿಸಿದರಷ್ಟೇ ಸಾಲದು. ಒಂದು ಅಂಚನ್ನು ಏಕೆ ಆರಿಸಬೇಕು, ಇನ್ನೊಂದನ್ನು ಏಕೆ ಬಿಡಬೇಕು ಎಂಬ ಕಾರಣವನ್ನು ಅವರು ಆಲೋಚಿಸುವ ಭಾಷೆಯಲ್ಲಿಯೇ, ಎಂದರೆ ಕನ್ನಡದಲ್ಲಿಯೇ, ತಿಳಿಯಹೇಳಬೇಕು. ಆಜ್ಞೆಗಳ ಹೆಸರುಗಳು ಪರಭಾಷೆಯಲ್ಲಿದ್ದರೇನಂತೆ, ಕಾರಣಗಳಿಗೆ ಪರಭಾಷೆಯ ಹಂಗಿಲ್ಲ. ಸಾಫ್ಟ್‌ವೇರುಗಳು ಬದಲಾಗುತ್ತಲೇ ಇರುತ್ತವೆ. ಈ ವಿವೇಕವನ್ನು ಒಮ್ಮೆ ಪಡೆದವನು ಯಾವ ಸಾಫ್ಟ್‌ವೇರಿನ ಮುಂದೆ ಕುಳಿತರೂ ಕೆಲಸಗಾರನೇ ಆಗಿರುತ್ತಾನೆ. ತರಬೇತಿ ಕೇಂದ್ರಗಳ ಅಧ್ಯಾಪಕರೂ, ವರ್ಕ್‌ಶಾಪುಗಳ ಹಿರಿಯ ಕೆಲಸಗಾರರೂ ಕೂಡಿ ಇಂಥದೊಂದು ಕನ್ನಡ ಪಾಠಕ್ರಮವನ್ನು ಬರೆದುಕೊಡಬೇಕೆಂದು, ಅದಕ್ಕೆ ಈ ಭಾಗದ ಉದ್ಯಮಿಗಳು ಬೆಂಬಲವಾಗಿ ನಿಲ್ಲಬೇಕೆಂದು ವಿನಂತಿಸುತ್ತೇನೆ.